ಮಕ್ಕಳ ನೋವಿಗೂ ಕಾಲದ ಕಟ್ಟಳೆಯೆ?

ಗಾಯವನ್ನು ಕಾಲವು ಮಾಯಿಸುವುದೆಂದು ಲೋಕದವರು ಹೇಳುವರು. ಕುಡುಗೋಲು ತಾಗಿದ ಗಾಯವಾದರೆ ಅದು ನಿಜ. ಆದರೆ ಹಸುಳೆಯ ವಯಸ್ಸಿನಲ್ಲಿ, ನಂಬಿದವರ ಕೈಯಿಂದಲೇ, ಬಾಯಿಬಿಟ್ಟು ಹೇಳಲಾರದಂತಹ ಗಾಯವಾಗಿದ್ದರೆ ಕಾಲವು ಅದನ್ನು ಮಾಯಿಸುವುದಿಲ್ಲ, ಮುಚ್ಚಿಡುವುದು, ಅಷ್ಟೆ. ಮುಚ್ಚಿಟ್ಟದ್ದು ಎಂದಾದರೊಂದು ದಿನ ಹೊರಗೆ ಬಂದೇ ಬರುವುದು. ಹಾಗೆ ಬಂದ ದಿನ ನ್ಯಾಯಾಲಯದ ಬಾಗಿಲು ತೆರೆದಿರುವುದೋ ಮುಚ್ಚಿರುವುದೋ ಎಂಬುದೇ ಈ ಲೇಖನದ ವಿಷಯ. ಗೃಹಸ್ಥರು ಓದುವ ಪತ್ರಿಕೆಯಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಸ್ತಾಪವು ಒಪ್ಪತಕ್ಕದ್ದಲ್ಲವೆಂದು ಕೆಲವು ಹಿರಿಯರಿಗೆ ತೋರಬಹುದು. ನಮಗೂ ಬಹುಕಾಲ ಹಾಗೆಯೇ ತೋರಿತ್ತು. ಆ ಅಭಿಪ್ರಾಯವನ್ನು ನಾವು ಏಕೆ ಬಿಟ್ಟೆವೆಂಬುದನ್ನು ಮೊದಲು ತಿಳಿಸುವೆವು.

ನಾವು ಕಮಲಾಪುರದಲ್ಲಿ ಅನೇಕ ವರ್ಷ ಉಪಾಧ್ಯಾಯರಾಗಿದ್ದು, ಈಗ ನಿವೃತ್ತರಾಗಿ ಕಲಬುರಗಿ ನಗರದಲ್ಲಿ ವಾಸವಾಗಿದ್ದೇವೆ. 2023ನೆಯ ಇಸವಿಯ ಆಷಾಢದ ಒಂದು ಸಂಜೆ ನಮ್ಮ ಹಳೆಯ ಶಿಷ್ಯೆಯೊಬ್ಬಳು ಮನೆಗೆ ಬಂದಳು. ಕಮಲಾಪುರದ ಕೆಂಪು ಬಾಳೆಯ ಹಣ್ಣುಗಳನ್ನು ನಮ್ಮ ಮನೆಯವರ ಕೈಗೆ ಕೊಟ್ಟು, ನಮಸ್ಕರಿಸಿ, ಬಹಳ ಹೊತ್ತು ಮಾತನಾಡದೆ ಕುಳಿತಳು. ಅವಳಿಗೆ ಆಗ 27 ವರ್ಷ. (ಗುರುತು ಸಿಕ್ಕದಂತೆ ಕೆಲವು ವಿವರಗಳನ್ನು ಮಾರ್ಪಡಿಸಿದ್ದೇವೆ.) ಕೊನೆಗೆ ಹೇಳಿದ ಮಾತಿನ ಸಾರವಿಷ್ಟು: 2007ರಲ್ಲಿ, ಅವಳು ಆರನೆಯ ತರಗತಿಯಲ್ಲಿ ಓದುತ್ತಿದ್ದಾಗ, ಮನೆಗೆ ಬಂದುಹೋಗುತ್ತಿದ್ದ ಬಂಧುವೊಬ್ಬನು ಹಲವು ತಿಂಗಳು ಅವಳ ಮೈಮುಟ್ಟಿ ಪೀಡಿಸಿದ್ದನು. ತಾಯಿಗೆ ಹೇಳಲು ಅಂಜಿದಳು. ತಂದೆಗೆ ಹೇಳುವ ಮಾತೇ ಇರಲಿಲ್ಲ. ಅವನು ಇಂದಿಗೂ ಮದುವೆ ಮುಂಜಿಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಊಟಮಾಡುವ ಗೃಹಸ್ಥ. ಇವಳಿಗೆ ರಾತ್ರಿ ನಿದ್ರೆಯಿಲ್ಲ. ವೈದ್ಯರಿಗೆ ಹಣ ತೆತ್ತು ಸಾಕಾಗಿತ್ತು.

“ನಿಮಗ ಅವತ್ತೇ ಹೇಳಬೇಕಂತ ಮಾಡಿದ್ದೆರಿ, ಗುರುಗಳೇ. ಬಾಯಿ ಬರಲಿಲ್ರಿ,” ಎಂದಳು.

ಈ ಮಾತು ನಮ್ಮನ್ನು ಚುಚ್ಚಿತು. ಏಕೆಂದರೆ ಆ ವರ್ಷ ನಮಗೆ ಚೆನ್ನಾಗಿ ನೆನಪಿತ್ತು. ಪದ್ಯಗಳನ್ನು ಎಲ್ಲರಿಗಿಂತ ಮೊದಲು ಕಂಠಪಾಠಮಾಡಿ ಒಪ್ಪಿಸುತ್ತಿದ್ದ ಬಾಲೆ ಇದ್ದಕ್ಕಿದ್ದಂತೆ ಹಿಂದಿನ ಸಾಲಿಗೆ ಹೋಗಿ ಕುಳಿತಳು. ಕೇಳಿದ್ದಕ್ಕೆ ಉತ್ತರವಿಲ್ಲ. ಬರೆದ ಅಕ್ಷರ ಕೆಟ್ಟಿತು. ನಾವು ಅವಳನ್ನು ಒಂದು ತಾಸು ನಿಲ್ಲಿಸಿ ಗದರಿಸಿದೆವು. ಅಂಕಪತ್ರಿಕೆಯಲ್ಲಿ “ಗಮನ ಸಾಲದು” ಎಂದು ಬರೆದೆವು. ಏನಾಯಿತೆಂದು ಒಮ್ಮೆಯೂ ಕೇಳಲಿಲ್ಲ.

ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅವನ ಮ್ಯಾಲ ಈಗ ದಾವೆ ಹಾಕಬಹುದೇನ್ರಿ?” ಹಣದಾಸೆಯಿಂದ ಕೇಳಿದ್ದಲ್ಲ. ಔಷಧದ ಖರ್ಚನ್ನಾದರೂ ಅವನು ತೆರಲಿ. ಅದಕ್ಕಿಂತ ಮುಖ್ಯವಾಗಿ, ತಾನು ಮಾಡಿದ್ದಕ್ಕೆ ನಾಲ್ಕು ಜನರ ಮುಂದೆ ಉತ್ತರ ಕೊಡಲಿ ಎಂಬುದು ಅವಳ ಇಚ್ಛೆಯಾಗಿತ್ತು. ಮರುದಿನ ಅವಳನ್ನು ಕರೆದುಕೊಂಡು ನಮ್ಮ ಬಾಲ್ಯಮಿತ್ರರಾದ ವಕೀಲರೊಬ್ಬರ ಬಳಿಗೆ ಹೋದೆವು. ಅವರು ದಿವಾಣಿ ಮೊಕದ್ದಮೆಗಳಲ್ಲಿ ತಲೆ ನರೆಸಿಕೊಂಡವರು. ಎಲ್ಲವನ್ನೂ ಸಮಾಧಾನದಿಂದ ಕೇಳಿ, ಅವಳ ಜನ್ಮದಿನವನ್ನು ವಿಚಾರಿಸಿ, ಬೆರಳುಮಡಿಸಿ ಎಣಿಸಿ, “ತಂಗಿ, ಆರು ವರ್ಷ ತಡ ಆಗ್ಯದ,” ಎಂದರು.

ಅವರು ವಿವರಿಸಿದ್ದನ್ನೂ, ಬಳಿಕ ನಾವಾಗಿ ಓದಿ ತಿಳಿದದ್ದನ್ನೂ ವಾಚಕರ ಮುಂದಿಡುತ್ತೇವೆ.

ಕಾನೂನು ಹೇಳುವುದೇನು?

ದಾವೆ ಹೂಡುವುದಕ್ಕೆ ವಾಯಿದೆಯನ್ನು ಗೊತ್ತುಮಾಡುವ ಶಾಸನಕ್ಕೆ ಕಾಲಪರಿಮಿತಿ ಅಧಿನಿಯಮವೆಂದು ಹೆಸರು. ಆಂಗ್ಲರ ಆಳ್ವಿಕೆಯಲ್ಲಿ 1859ರಲ್ಲಿ ಮೊದಲ ಶಾಸನವಾಯಿತು, 1908ರಲ್ಲಿ ಮತ್ತೊಂದಾಯಿತು, ಈಗ ನಡೆಯುತ್ತಿರುವುದು 1963ರದು, 1964ರ ಜನವರಿ 1ರಿಂದ ಜಾರಿಗೆ ಬಂದುದು. 1908ರ ಶಾಸನದಲ್ಲಿ ಮೈಗೆ ಆದ ಹಾನಿಗಾಗಿ ಪರಿಹಾರ ಕೇಳಲು ಒಂದೇ ವರ್ಷದ ಅವಧಿಯಿತ್ತು. ಈಗಿನದರಲ್ಲಿ ಅಂತಹ ದಾವೆಗೆ ಪ್ರತ್ಯೇಕ ಅನುಚ್ಛೇದವಿಲ್ಲ. ಆದುದರಿಂದ ಬೇರೆಲ್ಲಿಯೂ ಹೇಳದ ದಾವೆಗಳನ್ನೆಲ್ಲ ಒಟ್ಟಿಗೆ ಸೇರಿಸುವ 113ನೆಯ ಅನುಚ್ಛೇದಕ್ಕೆ ಅದು ಸೇರುವುದು. ಅಲ್ಲಿಯ ವಾಯಿದೆ ಮೂರು ವರ್ಷ.

ಅಪ್ರಾಪ್ತವಯಸ್ಕರಿಗೆ ಶಾಸನವು ಸ್ವಲ್ಪ ದಯೆ ತೋರಿಸಿದೆ. 6ನೆಯ ಮತ್ತು 8ನೆಯ ಪ್ರಕರಣಗಳನ್ನು ಕೂಡಿಸಿ ಓದಿದರೆ, ಮಗುವಿಗೆ 18 ತುಂಬಿದ ಮೇಲೆ ಮೂರು ವರ್ಷದೊಳಗೆ ದಾವೆ ಹೂಡಬಹುದು. ಎಂದರೆ 21ನೆಯ ವಯಸ್ಸು ತುಂಬುವುದರೊಳಗೆ ಎಲ್ಲವೂ ಆಗಬೇಕು. ನಮ್ಮ ಶಿಷ್ಯೆಗೆ 18 ತುಂಬಿದ್ದು 2014ರಲ್ಲಿ. ಅವಳ ವಾಯಿದೆ 2017ರಲ್ಲಿ ತೀರಿಹೋಗಿತ್ತು.

“ತಡವಾದುದಕ್ಕೆ ತಕ್ಕ ಕಾರಣವನ್ನು ತೋರಿಸಿದರೆ ನ್ಯಾಯಾಧೀಶರು ಮನ್ನಿಸುವುದಿಲ್ಲವೆ?” ಎಂದು ನಾವು ಕೇಳಿದೆವು. ವಕೀಲರು ತಲೆಯಲ್ಲಾಡಿಸಿದರು. ತಡವನ್ನು ಮನ್ನಿಸುವ ಅಧಿಕಾರವು 5ನೆಯ ಪ್ರಕರಣದಲ್ಲಿದೆ. ಆದರೆ ಅದು ಮೇಲ್ಮನವಿಗಳಿಗೂ ಅರ್ಜಿಗಳಿಗೂ ಅನ್ವಯಿಸುವುದೇ ಹೊರತು ಮೂಲದಾವೆಗೆ ಅನ್ವಯಿಸದು. ಇನ್ನೊಂದು ಮಾತು: ಎದುರಾಳಿಯು ವಾಯಿದೆಯ ಮಾತನ್ನೇ ಎತ್ತದಿದ್ದರೂ, ಅವಧಿ ಮೀರಿದ ದಾವೆಯನ್ನು ನ್ಯಾಯಾಲಯವು ತಾನಾಗಿ ವಜಾಮಾಡಬೇಕೆಂದು 3ನೆಯ ಪ್ರಕರಣವು ವಿಧಿಸಿದೆ. ವಂಚನೆಯಿಂದ ಸತ್ಯವನ್ನು ಮರೆಮಾಡಿದ್ದರೆ ಅದು ತಿಳಿದಂದಿನಿಂದ ಕಾಲವನ್ನೆಣಿಸುವ 17ನೆಯ ಪ್ರಕರಣವೊಂದುಂಟು. ಆದರೆ ಇಲ್ಲಿ ಸತ್ಯವು ಅವಳಿಗೆ ಮೊದಲಿನಿಂದಲೂ ತಿಳಿದೇ ಇತ್ತು; ಹೇಳುವ ಶಕ್ತಿ ಮಾತ್ರ ಇರಲಿಲ್ಲ. ಬುದ್ಧಿಭ್ರಮಣೆಯಾದವರಿಗೆ ವಿನಾಯಿತಿಯುಂಟು, ಲಜ್ಜೆಯಿಂದಲೂ ಭಯದಿಂದಲೂ ಬಾಯಿಕಟ್ಟಿದವರಿಗೆ ಇಲ್ಲ.

ಇನ್ನು ಫೌಜದಾರಿ ಮಾರ್ಗ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋ ಕಾಯಿದೆಯು ಮಕ್ಕಳ ರಕ್ಷಣೆಗೆಂದೇ ಆದದ್ದು. ಗಂಡು ಹೆಣ್ಣೆಂಬ ಭೇದವಿಲ್ಲದೆ 18ರೊಳಗಿನ ಎಲ್ಲರಿಗೂ ಸಲ್ಲುವುದು. ಈ ಕಾಯಿದೆಯ ಮೇರೆಗೆ ದೂರು ಕೊಡಲು ಕಾಲದ ಮಿತಿಯಿಲ್ಲವೆಂದೂ, ದೊಡ್ಡವರಾದ ಮೇಲೆಯೂ ಬಾಲ್ಯದ ಪೀಡೆಯನ್ನು ತಿಳಿಸಬಹುದೆಂದೂ ಕೇಂದ್ರದ ಕಾನೂನು ಸಚಿವಾಲಯವು 2018ರಲ್ಲಿ ಸ್ಪಷ್ಟಪಡಿಸಿತು. ಆದರೆ ಈ ಕಾಯಿದೆಯು ಹುಟ್ಟುವುದಕ್ಕೆ ಮೊದಲು ನಡೆದ ಕೃತ್ಯಗಳಿಗೆ ಹಳೆಯ ಭಾರತೀಯ ದಂಡಸಂಹಿತೆಯೇ ಗತಿ. 2007ರಲ್ಲಿ ಅದರ 354ನೆಯ ಪ್ರಕರಣದ ಶಿಕ್ಷೆ ಹೆಚ್ಚೆಂದರೆ ಎರಡು ವರ್ಷ. ಒಂದು ವರ್ಷಕ್ಕೆ ಮೀರಿದ, ಆದರೆ ಮೂರು ವರ್ಷಕ್ಕೆ ಮೀರದ ಶಿಕ್ಷೆಯ ಅಪರಾಧಗಳಿಗೆ ದಂಡಪ್ರಕ್ರಿಯಾ ಸಂಹಿತೆಯು ಮೂರು ವರ್ಷದ ಗಡುವನ್ನಿಟ್ಟಿತ್ತು. (2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇದೇ ಏರ್ಪಾಡಿದೆ.) ಮೂರು ವರ್ಷಕ್ಕೆ ಮೀರಿದ ಶಿಕ್ಷೆಯುಳ್ಳ ಘೋರಾಪರಾಧಗಳಿಗೆ ಗಡುವಿಲ್ಲ. ಗಡುವಿದ್ದಲ್ಲಿಯೂ, ನ್ಯಾಯದ ಹಿತಕ್ಕಾಗಿ ಅದನ್ನು ಮನ್ನಿಸುವ ಅಧಿಕಾರ ಫೌಜದಾರಿ ನ್ಯಾಯಾಲಯಕ್ಕೆ ಉಂಟು. ದಿವಾಣಿ ನ್ಯಾಯಾಲಯಕ್ಕೆ ಮಾತ್ರ ಇಲ್ಲ. ಶಿಕ್ಷಿಸುವ ಮನೆಯ ಬಾಗಿಲಿಗೆ ಕಿಂಡಿಯನ್ನಿಟ್ಟು, ಪರಿಹಾರ ಕೊಡಿಸುವ ಮನೆಯ ಬಾಗಿಲಿಗೆ ಬೀಗವನ್ನೇ ಹಾಕಿದಂತಾಗಿದೆ.

ಫೌಜದಾರಿ ಮಾರ್ಗವಿದ್ದರೆ ಸಾಲದೆ, ದಿವಾಣಿಯ ಹಂಗೇಕೆ ಎಂದು ಯಾರಾದರೂ ಕೇಳಬಹುದು. ಎರಡರ ಪ್ರಯೋಜನವೂ ಬೇರೆ. ಫೌಜದಾರಿಯಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಅಪರಾಧವು ಸಿದ್ಧವಾಗಬೇಕು. ದಿವಾಣಿಯಲ್ಲಿ ಯಾರ ಮಾತು ಹೆಚ್ಚು ಸಂಭಾವ್ಯವೆಂಬುದನ್ನು ತೂಗಿನೋಡಿದರೆ ಸಾಕು. ಒಂದರಲ್ಲಿ ಸರ್ಕಾರವು ವಾದಿ, ನೊಂದವರು ಸಾಕ್ಷಿ ಮಾತ್ರ. ಇನ್ನೊಂದರಲ್ಲಿ ನೊಂದವರೇ ವಾದಿ. ಕೆಡುಕನ ಗಂಟಿನಿಂದಲೇ ಚಿಕಿತ್ಸೆಯ ವೆಚ್ಚವನ್ನು ಕೊಡಿಸುವುದೂ, ಮಗುವನ್ನು ಕಾಪಾಡಬೇಕಾಗಿದ್ದ ಸಂಸ್ಥೆಯನ್ನು ಹೊಣೆಮಾಡುವುದೂ ಈ ಎರಡನೆಯದರಿಂದಲೇ ಸುಲಭ.

ನಮ್ಮ ಪ್ರಾಚೀನರ ವಿಚಾರ

ವಕೀಲರ ಮನೆಯಿಂದ ಹಿಂದಿರುಗಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಎದ್ದು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ತೆಗೆದೆವು. ಅದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನವನೇ. 1076ರಿಂದ ಐವತ್ತು ವರ್ಷ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಅವನಿದ್ದನು. ಕಮಲಾಪುರದಿಂದ ಹುಮನಾಬಾದ ಮಾರ್ಗವಾಗಿ ಮುಂದೆ ಹೋದರೆ ಸಿಕ್ಕುವ ಬಸವಕಲ್ಯಾಣವೇ ಆ ಕಲ್ಯಾಣ. ಕಲಬುರಗಿ ಜಿಲ್ಲೆಯ ಮರ್ತೂರು ಅವನ ಊರೆಂದು ನಮ್ಮ ಕಡೆ ಪ್ರತೀತಿಯುಂಟು.

ಯಾಜ್ಞವಲ್ಕ್ಯನು ಹೇಳುವುದೇನೆಂದರೆ: ತನ್ನ ಭೂಮಿಯನ್ನು ಪರನು ಅನುಭವಿಸುತ್ತಿರುವುದನ್ನು ಕಣ್ಣಾರೆ ಕಂಡೂ ಒಡೆಯನು ಮಾತನಾಡದಿದ್ದರೆ ಇಪ್ಪತ್ತು ವರ್ಷಕ್ಕೆ ಅವನಿಗೆ ಹಾನಿ, ಚರವಸ್ತುವಾದರೆ ಹತ್ತು ವರ್ಷಕ್ಕೆ. ಇಲ್ಲಿ ಎರಡು ಲಕ್ಷಣಗಳನ್ನು ಗಮನಿಸಬೇಕು. ಕಾಣುತ್ತಿರಬೇಕು, ಮತ್ತು ಕಂಡೂ ಸುಮ್ಮನಿರಬೇಕು. ಮಾತನಾಡಬಲ್ಲವನ ಮೌನಕ್ಕೆ ಮಾತ್ರ ಈ ದಂಡ. ಮುಂದಿನ ಶ್ಲೋಕದಲ್ಲಿಯೇ ಕೆಲವು ಅಪವಾದಗಳನ್ನು ಹೇಳಿದೆ: ಒತ್ತೆ, ಎಲ್ಲೆ, ನಿಕ್ಷೇಪ ಇವುಗಳ ಜೊತೆಗೆ ಬುದ್ಧಿಮಂದನ ಧನ, ಬಾಲನ ಧನ, ಸ್ತ್ರೀಯ ಧನ ಮೊದಲಾದವುಗಳಿಗೆ ಆ ಕಾಲದ ಕಟ್ಟು ಇಲ್ಲ. ಅಷ್ಟೇ ಅಲ್ಲ, ವಿಜ್ಞಾನೇಶ್ವರನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುಮ್ಮನಿದ್ದವನಿಗೆ ನಷ್ಟವಾಗುವುದು ಆ ಅವಧಿಯ ಫಲವೇ ಹೊರತು ಭೂಮಿಯಲ್ಲವೆಂದು ವ್ಯಾಖ್ಯಾನಿಸುತ್ತಾನೆ. ಕಾಲ ಕಳೆದ ಮಾತ್ರಕ್ಕೆ ಅನ್ಯಾಯವು ನ್ಯಾಯವಾಗದೆಂಬುದು ಅವನ ಅಭಿಪ್ರಾಯ.

ಹಳೆಯ ಗ್ರಂಥಗಳಲ್ಲಿ ಎಲ್ಲವೂ ಇದೆಯೆಂದು ಹೇಳುವವರಲ್ಲಿ ನಾವು ಸೇರಿದವರಲ್ಲ. ಅಲ್ಲಿ ಹೇಳಿದ್ದು ಧನದ ಮಾತು. ಮಗುವಿನ ಮೈಮನಸ್ಸಿನ ಮಾತಲ್ಲ. ಇಂದು ನಾವು ಒಪ್ಪಲಾಗದ ವಿಧಿಗಳೂ ಆ ಗ್ರಂಥಗಳಲ್ಲಿ ಎಷ್ಟೋ ಇವೆ. ಆದರೂ ಬಾಲನ ಒಂದು ಹೊಲಕ್ಕೆ ಕೊಟ್ಟ ರಕ್ಷಣೆಯನ್ನು ಬಾಲನಿಗೇ ಕೊಡಬಾರದೆ ಎಂಬ ಪ್ರಶ್ನೆ ಆ ರಾತ್ರಿ ನಮ್ಮನ್ನು ಬಿಡಲಿಲ್ಲ.

ವಾಯಿದೆಯ ಪರವಾದ ಮಾತು

ವಾಯಿದೆಯ ಕಟ್ಟಳೆಯು ಸುಮ್ಮನೆ ಹುಟ್ಟಿದ್ದಲ್ಲವೆಂಬುದನ್ನೂ ಹೇಳಬೇಕು. ಕಾಲ ಕಳೆದಂತೆ ಸಾಕ್ಷಿಗಳು ಸಾಯುತ್ತಾರೆ, ಕಾಗದಪತ್ರಗಳನ್ನು ಗೆದ್ದಲು ತಿನ್ನುತ್ತದೆ, ನೆನಪು ಮಾಸುತ್ತದೆ. ಮೂವತ್ತು ವರ್ಷದ ಹಿಂದಿನ ಆಪಾದನೆಗೆ ನಿರಪರಾಧಿಯು ಹೇಗೆ ಉತ್ತರ ಕೊಟ್ಟಾನು? ಈ ಶಂಕೆಯು ನ್ಯಾಯವಾದುದೇ. ಆದರೆ ವಾಯಿದೆಯನ್ನು ಸಡಿಲಿಸಿದರೆ ಪ್ರಮಾಣದ ಭಾರವೇನೂ ಸಡಿಲವಾಗದು. ವಾದಿಯು ತನ್ನ ಮಾತನ್ನು ಸಾಧಿಸಲೇಬೇಕು, ಸಾಧಿಸಲಾರದಿದ್ದರೆ ಸೋಲಬೇಕು. ಕೇಳಿ ಸೋಲಿಸುವುದು ಬೇರೆ, ಕೇಳದೆಯೇ ಹೊರದೂಡುವುದು ಬೇರೆ.

ಸಾಲದ ಪತ್ರದ ವಾಯಿದೆಯನ್ನೂ ಈ ವಾಯಿದೆಯನ್ನೂ ಒಂದೇ ತಕ್ಕಡಿಯಲ್ಲಿಡುವುದು ಸರಿಯಲ್ಲ. ಸಾಲಕೊಟ್ಟವನಿಗೆ ಕೇಳಲು ನಾಚಿಕೆಯಿಲ್ಲ. ಇಲ್ಲಿಯಾದರೋ ಬೇಲಿಯೇ ಎದ್ದು ಹೊಲ ಮೇಯ್ದಿರುತ್ತದೆ. ನಮ್ಮ ಶಿಷ್ಯೆಯ ಬಾಯಿಕಟ್ಟಿದ ಆ 2007ನೆಯ ವರ್ಷದಲ್ಲಿಯೇ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿದ ವರದಿಯನ್ನು ಪ್ರಕಟಿಸಿತು. ಅವರಲ್ಲಿ ನೂರಕ್ಕೆ 53ಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ಪೀಡೆಯನ್ನು ಅನುಭವಿಸಿದ್ದರು. ಪೀಡಿಸಿದವರಲ್ಲಿ ಅರ್ಧದಷ್ಟು ಜನ ಮಕ್ಕಳಿಗೆ ಪರಿಚಿತರೂ ನಂಬಿಗಸ್ತರೂ ಆದವರು. ಇಂತಹ ಮಗುವು 18 ತುಂಬಿದ ಮಾತ್ರಕ್ಕೆ ಬಾಯಿಬಿಡುವುದೆಂದು ತಿಳಿಯುವುದು ಲೋಕಜ್ಞಾನವಲ್ಲ. 18ರಿಂದ 21 ಎಂದರೆ ಹೆಣ್ಣುಮಕ್ಕಳಿಗೆ ಓದಿನ, ವರಾನ್ವೇಷಣೆಯ ಕಾಲ. ಗಂಡುಮಕ್ಕಳಿಗೆ ಉದ್ಯೋಗಕ್ಕಾಗಿ ಅಲೆಯುವ ಕಾಲ. ಇಬ್ಬರಿಗೂ ಅನ್ನವು ಇನ್ನೂ ತಂದೆತಾಯಿಯರ ಮನೆಯದೇ. ಆ ಮನೆಯ ಮರ್ಯಾದೆಯನ್ನು ಬೀದಿಗೆಳೆಯುವ ದಾವೆಯನ್ನು ಅವರು ಆ ವಯಸ್ಸಿನಲ್ಲಿ ಹೂಡಬೇಕೆ?

ಪರದೇಶಗಳಲ್ಲಿ

ಇತರ ದೇಶಗಳು ಈ ಪ್ರಶ್ನೆಯನ್ನು ಎದುರಿಸಿವೆ. ಆಸ್ಟ್ರೇಲಿಯದಲ್ಲಿ 2013ರಿಂದ 2017ರವರೆಗೆ ರಾಜಾಯೋಗವೊಂದು ಸಾವಿರಾರು ಜನರ ಬಾಲ್ಯದ ನೋವನ್ನು ಕೇಳಿತು. ನೊಂದವರು ಬಾಯಿಬಿಡುವುದಕ್ಕೆ ಸರಾಸರಿ 20 ವರ್ಷಕ್ಕೂ ಹೆಚ್ಚು ಕಾಲ ಹಿಡಿದಿತ್ತೆಂದು ಅದಕ್ಕೆ ಕಂಡುಬಂದಿತು. 2015ರಲ್ಲಿ ವಿಕ್ಟೋರಿಯ ಪ್ರಾಂತವೂ, 2016ರಲ್ಲಿ ನ್ಯೂ ಸೌತ್ ವೇಲ್ಸ್ ಪ್ರಾಂತವೂ ಇಂತಹ ದಾವೆಗಳಿಗೆ ವಾಯಿದೆಯನ್ನೇ ತೆಗೆದುಹಾಕಿದವು. ಉಳಿದ ಪ್ರಾಂತಗಳು ಅನುಸರಿಸಿದವು. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನವು 2019ರಲ್ಲಿ ದಾವೆಯ ವಯೋಮಿತಿಯನ್ನು 55ಕ್ಕೆ ಏರಿಸಿತು. ಹಿಂದೆಯೇ ವಾಯಿದೆ ತೀರಿದವರಿಗೂ 2019ರ ಆಗಸ್ಟ್ 14ರಿಂದ 2021ರ ಆಗಸ್ಟ್ 14ರವರೆಗೆ ಬಾಗಿಲು ತೆರೆದಿಟ್ಟಿತು.

ನಮಗೆ ಶಾಸನದ ಪಾಠ ಹೇಳಿದ ಇಂಗ್ಲೆಂಡಿನ ಕಥೆಯು ಬೋಧಪ್ರದವಾಗಿದೆ. ಅಲ್ಲಿಯ ಅತ್ಯುನ್ನತ ನ್ಯಾಯಪೀಠವು 1993ರಲ್ಲಿ, ಇಂತಹ ದಾವೆಗೆ ಪ್ರಾಪ್ತವಯಸ್ಸಿನಿಂದ ಆರು ವರ್ಷವೇ ಅವಧಿ, ವಿನಾಯಿತಿಯಿಲ್ಲ, ಎಂದು ತೀರ್ಪಿತ್ತಿತು. 2008ರಲ್ಲಿ ಅದೇ ಪೀಠವು ಆ ತೀರ್ಪನ್ನು ಬದಿಗಿಟ್ಟು, ಅವಧಿಯು ಮೂರು ವರ್ಷವಾದರೂ ನ್ಯಾಯವೆಂದು ತೋರಿದರೆ ನ್ಯಾಯಾಧೀಶರು ಅದನ್ನು ಸಡಿಲಿಸಬಹುದೆಂದಿತು. 2022ರಲ್ಲಿ ವಿಚಾರಣಾ ಆಯೋಗವೊಂದು ಈ ಮೂರು ವರ್ಷವನ್ನೂ ತೆಗೆಯಬೇಕೆಂದು ಶಿಫಾರಸುಮಾಡಿತು. 2025ರ ಫೆಬ್ರವರಿಯಲ್ಲಿ ಸರ್ಕಾರವು ಅದಕ್ಕೊಪ್ಪಿರುವುದಾಗಿ ಘೋಷಿಸಿತು. ಲೆಕ್ಕದಲ್ಲಿ ಅವರದೂ ನಮ್ಮದೂ ಒಂದೇ 21ರ ವಯಸ್ಸು. ಆದರೆ ಅಲ್ಲಿ ನ್ಯಾಯಾಧೀಶರ ಕೈಯಲ್ಲಿ ದಯೆಯನ್ನಿಟ್ಟರು, ಇಲ್ಲಿ ಇಡಲಿಲ್ಲ. ವಾಯಿದೆಯನ್ನು ಪೂರ್ಣವಾಗಿ ತೆಗೆಯುವುದಕ್ಕೆ ನಮ್ಮ ಸಂಸತ್ತಿಗೆ ಮನಸ್ಸಾಗದಿದ್ದರೆ, 5ನೆಯ ಪ್ರಕರಣದ ಮನ್ನಣೆಯನ್ನು ಈ ಒಂದು ಬಗೆಯ ದಾವೆಗಾದರೂ ವಿಸ್ತರಿಸಲಿ. ಒಂದೆರಡು ಸಾಲಿನ ತಿದ್ದುಪಡಿಯಿಂದ ಆಗುವ ಕೆಲಸವಿದು.

ಗೃಹಸ್ಥರು ತಿಳಿದಿರಬೇಕಾದುದು

ಶಾಸನವು ಬದಲಾಗುವವರೆಗೆ ಕೈಕಟ್ಟಿ ಕುಳಿತಿರಬೇಕಾದುದಿಲ್ಲ. ಮೊದಲನೆಯದಾಗಿ, ಮಗುವಿಗೆ 18 ತುಂಬುವವರೆಗೆ ಕಾಯುವುದು ಅನಾವಶ್ಯಕ. ತಂದೆ, ತಾಯಿ ಅಥವಾ ಬೇರೆ ಹಿತೈಷಿಗಳು ಮಗುವಿನ ಪರವಾಗಿ ಈಗಲೇ ದಾವೆ ಹೂಡಬಹುದು. ಎರಡನೆಯದಾಗಿ, ಮನೆಯಲ್ಲಿ ಇಂತಹ ನೋವುಂಡ ಯುವಕ ಯುವತಿಯರಿದ್ದರೆ 21ನೆಯ ಜನ್ಮದಿನವನ್ನು ಮರೆಯದಿರಿ. ಮೂರನೆಯದಾಗಿ, ಪೋಕ್ಸೋ ಮೊಕದ್ದಮೆಯನ್ನು ವಿಚಾರಿಸುವ ವಿಶೇಷ ನ್ಯಾಯಾಲಯವು ಶಿಕ್ಷೆಯೊಡನೆ ಪರಿಹಾರವನ್ನೂ ವಿಧಿಸಬಲ್ಲದು. 2020ರ ನಿಯಮಗಳ ಪ್ರಕಾರ ತೀರ್ಪಿಗೆ ಮೊದಲೇ ಮಧ್ಯಂತರ ಪರಿಹಾರವನ್ನೂ ಕೊಡಿಸಬಲ್ಲದು. ಇದಕ್ಕಾಗಿ ಬೇರೆ ದಾವೆ ಬೇಡ. ನಾಲ್ಕನೆಯದಾಗಿ, ಸರ್ಕಾರದ ಸಂತ್ರಸ್ತ ಪರಿಹಾರ ಯೋಜನೆಯಿದೆ. ಅದರ ಅರ್ಜಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡಬೇಕು. ಸ್ತ್ರೀಯರಿಗಾಗಿ 2018ರಲ್ಲಿ ರಾಷ್ಟ್ರೀಯ ಪ್ರಾಧಿಕಾರವು ರಚಿಸಿದ ಯೋಜನೆಯನ್ನು ಮಕ್ಕಳ ವಿಷಯದಲ್ಲಿಯೂ ಮಾರ್ಗದರ್ಶಿಯಾಗಿ ಅನುಸರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಹೇಳಿತು. ಅದರಲ್ಲಿಯೂ ಮೂರು ವರ್ಷದ ಗಡುವುಂಟು. ಆದರೆ ತಕ್ಕ ಕಾರಣವಿದ್ದರೆ ಪ್ರಾಧಿಕಾರವು ತಡವನ್ನು ಮನ್ನಿಸಬಹುದು. ಸ್ತ್ರೀಯರಿಗೂ ಮಕ್ಕಳಿಗೂ ಆದಾಯವನ್ನು ನೋಡದೆ ಉಚಿತವಾಗಿ ವಕೀಲರನ್ನು ಒದಗಿಸುವುದು ಈ ಪ್ರಾಧಿಕಾರದ ಕರ್ತವ್ಯ. ಅದರ ದೂರವಾಣಿ 15100. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಇವೆರಡನ್ನೂ ಪಂಚಾಂಗದ ಪಕ್ಕದಲ್ಲಿ ಗೋಡೆಗೆ ಬರೆದಿಟ್ಟರೆ ತಪ್ಪಿಲ್ಲ.

ಇನ್ನೊಂದು ಸಂಗತಿಯನ್ನು ಉಪಾಧ್ಯಾಯರೂ ನೆರೆಹೊರೆಯವರೂ ವಿಶೇಷವಾಗಿ ತಿಳಿಯಬೇಕು. ಮಗುವಿಗೆ ಇಂತಹ ಪೀಡೆಯಾಗಿದೆಯೆಂದು ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ ಪೋಕ್ಸೋ ಕಾಯಿದೆಯ ಮೇರೆಗೆ ಅಪರಾಧ. “ಬಾಯಿ ಬಿಟ್ಟರೆ ಬಣ್ಣಗೇಡು” ಎಂಬ ಗಾದೆಯು ಇಲ್ಲಿ ಸಲ್ಲದು.

ನಮ್ಮ ಶಿಷ್ಯೆಯ ಕಥೆ ಮುಂದೇನಾಯಿತೆಂದು ವಾಚಕರು ಕೇಳಬಹುದು. ಅವಳ ದಾವೆ ನಡೆಯಲಿಲ್ಲ, ನಡೆಯುವಂತಿರಲಿಲ್ಲ. ವಕೀಲರ ಮನೆಯಿಂದ ಬಸ್ ನಿಲ್ದಾಣಕ್ಕೆ ಹೋಗುವಾಗ ಅವಳು, “ಇರಲಿ ಬಿಡ್ರಿ, ಗುರುಗಳೇ. ಇಬ್ಬರು ಕುಂತು ಕೇಳಿದ್ರಲ್ಲ,” ಎಂದಳು. ಬಳಿಕ ಅವಳು ತನ್ನ ತಾಯಿಗೆ ಹೇಳಿದಳು. ತಾಯಿ ಒಂದು ದಿನವೆಲ್ಲ ಅತ್ತು, ಆ ಬಂಧುವನ್ನು ಮುಂದೆ ಹೊಸ್ತಿಲು ತುಳಿಯಗೊಡಲಿಲ್ಲ. ನ್ಯಾಯಾಲಯವು ಕೊಡಲಾರದುದನ್ನು ಆ ಮನೆ ಅಷ್ಟುಮಟ್ಟಿಗೆ ಕೊಟ್ಟಿತು. ಈಗ ಅವಳಿಗೆ ನಿದ್ರೆ ಸ್ವಲ್ಪ ಬರುತ್ತಿದೆಯಂತೆ.

ನಮಗೆ ಮಾತ್ರ ಸ್ಮೃತಿಕಾರನ ಆ ಎರಡು ಲಕ್ಷಣಗಳು ಮತ್ತೆ ಮತ್ತೆ ನೆನಪಿಗೆ ಬರುತ್ತವೆ. ಕಂಡೂ ಮಾತನಾಡದಿದ್ದವನಿಗೆ ಹಾನಿಯೆಂದು ಅವನು ಹೇಳಿದನು. 2007ರಲ್ಲಿ ಕಮಲಾಪುರದ ಆ ತರಗತಿಯಲ್ಲಿ ಬಾಲೆಯು ಬಾಡಿದ್ದನ್ನು ಕಂಡೂ ಮಾತನಾಡದೆ ಇದ್ದವರು ಯಾರು? ಮೌನಕ್ಕೆ ದಂಡ ತೆರಬೇಕಾದವರು ಹಿರಿಯರು, ತೆತ್ತವಳು ಅವಳು. “ಗಮನ ಸಾಲದು” ಎಂದು ನಾವು ಬರೆದದ್ದು ನಿಜವೇ. ಬರೆಯಬೇಕಾಗಿದ್ದುದು ನಮ್ಮ ಹೆಸರಿನ ಮುಂದೆ. ನಿಮ್ಮ ಮನೆಯಲ್ಲಿ ನಗುನಗುತ್ತಿದ್ದ ಮಗುವೊಂದು ಇದ್ದಕ್ಕಿದ್ದಂತೆ ಮೂಲೆಹಿಡಿದರೆ, ವಾಚಕರೇ, ಗದರಿಸುವ ಮೊದಲು ಪಕ್ಕದಲ್ಲಿ ಕುಳಿತು, ಏನಾಯಿತೆಂದು ಕೇಳಿರಿ. ಆ ಪ್ರಶ್ನೆಗೆ ಯಾವ ಶಾಸನವೂ ವಾಯಿದೆಯನ್ನು ಗೊತ್ತುಮಾಡಿಲ್ಲ.